ಐದು ಸೆಕೆಂಡು ಓದುವ ಅಕ್ಕ

ಬೆಳಗಿನ ಆರು ಗಂಟೆ. ಅಪಘಾತವಾದ ವಾಹನಗಳನ್ನು ತಂದಿಡುವ ಅಂಗಳದಲ್ಲಿ ಐವತ್ತೊಂಬತ್ತರ ಹೆಂಗಸೊಬ್ಬರು ನಜ್ಜುಗುಜ್ಜಾದ ಕಾರಿನೊಳಗೆ ಅರ್ಧ ಮೈ ತೂರಿಸಿ ಮಲಗಿದ್ದಾರೆ. ಸೀಟಿನಡಿಯ ಡಬ್ಬಿಗೆ ವೈರು ಸಿಕ್ಕಿಸಬೇಕು. ಬಿಸಿಲೇರಿದರೆ ತಗಡು ಮುಟ್ಟುವಂತಿಲ್ಲ, ಅದಕ್ಕೇ ಇಷ್ಟು ಬೇಗ. "ಗಾಜಿದೆ, ದೂರ ನಿಲ್ಲಿ. ಆಮೇಲೆ ನಿಮ್ಮನ್ನೂ ನಾನೇ ಎತ್ಕೊಂಡು ಹೋಗ್ಬೇಕಾಗುತ್ತೆ" ಎಂದು ಒಳಗಿನಿಂದಲೇ ಗದರುತ್ತಾರೆ.

ಅಂಗಳದವರ ಬಾಯಲ್ಲಿ ಇವರು ಡಬ್ಬಿ ಅಕ್ಕ. ಸಾರಿಗೆ ಕಚೇರಿಯಲ್ಲಿ ಇಪ್ಪತ್ತಾರು ವರ್ಷದ ನೌಕರಿ. ಢಿಕ್ಕಿಗೆ ಮುಂಚಿನ ಐದು ಸೆಕೆಂಡುಗಳ ವೇಗ, ಬ್ರೇಕು, ಸ್ಟೀರಿಂಗ್ ಎಲ್ಲವೂ ಡಬ್ಬಿಯಲ್ಲಿ ದಾಖಲಾಗಿರುತ್ತದೆ. ಅದನ್ನು ಇಳಿಸಿ, ಓದಿ, ಫಾರಂ ತುಂಬುವುದು ಇವರ ಕೆಲಸ. ದಿನಕ್ಕೆ ನಾಲ್ಕು ಗಾಡಿ, ಒಂದೊಂದಕ್ಕೆ ಮುಕ್ಕಾಲು ಗಂಟೆ. ಸೊಂಟ ಯಾವಾಗಲೋ ಕೈಕೊಟ್ಟಿದೆ. ಹಿಂದಿನ ಸೀಟಿನಲ್ಲಿ ಮಗುವಿನ ಶೂ ಸಿಕ್ಕಿದ ದಿನ ಊಟ ಸೇರುವುದಿಲ್ಲ. ಗಂಡ ತಟ್ಟೆ ಮುಚ್ಚಿಡುತ್ತಾರೆ.

ಈಚೆಗೆ ಬರುವುದೆಲ್ಲ ಬುದ್ಧಿವಂತ ಕಾರುಗಳು. ತಾವೇ ಸ್ಟೀರಿಂಗ್ ತಿರುಗಿಸುತ್ತವೆ, ತಾವೇ ವೇಗ ಹಿಡಿಯುತ್ತವೆ; ಕಾಗದದಲ್ಲಿ ಇದಕ್ಕೆ ‘ನೆರವು ವ್ಯವಸ್ಥೆ’ ಎಂದು ಹೆಸರು. ಇನ್ನು ತಮ್ಮ ಕೈಲಾಗದು ಅನ್ನಿಸಿದಾಗ ಗಂಟೆ ಬಾರಿಸಿ, ಗಾಡಿಯನ್ನು ಚಾಲಕನಿಗೆ ಬಿಟ್ಟು ಕೈತೊಳೆದುಕೊಳ್ಳುತ್ತವೆ, ಅದೂ ಎದುರಿಗೆ ಲಾರಿ ಬಂದು ನಿಂತ ಮೇಲೆ! ಫಾರಂನಲ್ಲಿರುವ ಪ್ರಶ್ನೆ ಒಂದೇ: ಢಿಕ್ಕಿಯ ಕ್ಷಣದಲ್ಲಿ ನೆರವು ವ್ಯವಸ್ಥೆ ಚಾಲೂ ಇತ್ತೇ? ಆ ಕ್ಷಣದಲ್ಲಿ ಇರಲಿಲ್ಲವಲ್ಲ, ಅಕ್ಕ ‘ಇಲ್ಲ’ ಎಂಬಲ್ಲಿ ಟಿಕ್ ಹಾಕುತ್ತಿದ್ದರು. ಎರಡು ವರ್ಷದಲ್ಲಿ ಅಂಥವು ಅರವತ್ತಮೂರು. "ಅದರಲ್ಲಿ ಒಂದೂ ಸುಳ್ಳಲ್ಲ. ಅದೇ ನೋಡಿ ನಂಗೆ ನಿದ್ದೆ ಕೆಡಿಸೋದು" ಎನ್ನುತ್ತಾರೆ. ಕಾರು ಮಾರುವವರು ಕಚೇರಿ ಪ್ರಕಟಿಸಿದ ಆ ಅಂಕಿಗಳನ್ನೇ ಜಾಹೀರಾತಿನಲ್ಲಿ ಮೆರೆಸಿದರು.

ಕಳೆದ ವರ್ಷ ಹೆಂಗಸೊಬ್ಬರು ಅಂಗಳಕ್ಕೆ ಬಂದರು. ಕಾರು ಓಡಿಸುತ್ತಿದ್ದ ಗಂಡ ಸತ್ತು ಒಂದೂವರೆ ವರ್ಷವಾಗಿತ್ತು, ಕೇಸು ಮುಗಿದಿತ್ತು. ಅಕ್ಕ ‘ಇಲ್ಲ’ ಎಂದು ಹಾಕಿದ ಟಿಕ್ ನೋಡಿ, ಚಾಲಕ ನಿದ್ದೆ ಹೋಗಿದ್ದ ಎಂದು ವರದಿ ಬರೆದಿದ್ದರು. ಕಾರಿನಲ್ಲುಳಿದ ಸಾಮಾನು ಒಯ್ಯಲು ಬಂದವರು ಸುಮ್ಮನೆ ಕೇಳಿದರು: "ಆ ಕ್ಷಣಕ್ಕೂ ಮುಂಚೆ ಏನಿತ್ತು ಅಕ್ಕಾ?"

ಅಕ್ಕ ಹಳೆಯ ಹಾಳೆ ತೆಗೆದು ಮೇಲಿನ ಸಾಲುಗಳನ್ನು ಓದಿದರು. ನಾಲ್ಕು ಸೆಕೆಂಡು ಓಡಿಸಿದ್ದು ಕಾರೇ. ಕೊನೆಯ ಸೆಕೆಂಡಿನಲ್ಲಿ ಬಿಟ್ಟುಕೊಟ್ಟಿದೆ. ಅದೇ ಸೆಕೆಂಡಿನಲ್ಲಿ ಮನುಷ್ಯನ ಕಾಲು ಬ್ರೇಕನ್ನು ಪೂರ್ತಿ ಒತ್ತಿದೆ.

"ಹಾಗಾದ್ರೆ ಎಚ್ಚರ ಇದ್ರಾ?"

"ಅದು ಡಬ್ಬಿಗೆ ಗೊತ್ತಿಲ್ಲಮ್ಮ. ಎದ್ದೇ ಇದ್ರೋ, ಗಂಟೆ ಕೇಳಿ ಎದ್ರೋ. ನಿದ್ದೆ ಹೋಗಿದ್ರು ಅಂತಾನೂ ಅದು ಎಲ್ಲೂ ಹೇಳಿಲ್ಲ. ಬ್ರೇಕ್ ಒತ್ತಿದ್ದಂತೂ ಅವ್ರೇ."

ಆ ಹೆಂಗಸು ಸಾಮಾನಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮಧ್ಯಾಹ್ನದವರೆಗೆ ಅಲ್ಲೇ ಕೂತಿದ್ದರಂತೆ.

ಅಂದಿನಿಂದ ಅಕ್ಕ ಪ್ರತಿ ಫಾರಂನ ಅಂಚಿನಲ್ಲಿ ಪೆನ್ನಿನಿಂದ ಬರೆಯುತ್ತಾರೆ: ‘ಇಷ್ಟು ಸೆಕೆಂಡು ಚಾಲೂ, ಢಿಕ್ಕಿಗೆ ಇಂತಿಷ್ಟು ಮುಂಚೆ ಬಿಟ್ಟಿದೆ.’ ಕಂಪ್ಯೂಟರಿನಲ್ಲಿ ಅದಕ್ಕೆ ಜಾಗವಿಲ್ಲ, ಹಾಗಾಗಿ ಬರೆದದ್ದು ಕಾಗದದಲ್ಲೇ ಉಳಿಯುತ್ತದೆ. ಹಳೆಯ ಅರವತ್ತಮೂರನ್ನೂ ಮತ್ತೆ ನೋಡಿ ಎಂದು ಮೂರು ಅರ್ಜಿ ಕೊಟ್ಟರು. ಪ್ರಕಟವಾದ ಅಂಕಿ ಬದಲಿಸಿದರೆ ಜನರ ನಂಬಿಕೆ ಹೋಗುತ್ತದೆ ಎಂದು ಮೂರಕ್ಕೂ ಮೇಲಿನ ಸಾಹೇಬರ ಒಂದೇ ಉತ್ತರ. ನಿವೃತ್ತಿಗೆ ಇನ್ನು ನಾಲ್ಕು ತಿಂಗಳು. ನಾಲ್ಕನೆಯ ಅರ್ಜಿ ಬ್ಯಾಗಿನಲ್ಲಿದೆ, ಈ ಸಲ ಕೇಳಿರುವುದು ಒಂದೇ ಒಂದು ಫಾರಂ ತಿದ್ದಲು, ಆ ಹೆಂಗಸಿನ ಗಂಡನದು.

"ಜನ ನಮ್ಮ ಲೆಕ್ಕ ನಂಬಲ್ಲ ಅಂತ ಸಾಹೇಬ್ರಿಗೆ ಚಿಂತೆ" ಎಂದು ಅಕ್ಕ ಕೈಯ ಗ್ರೀಸ್ ಒರೆಸಿಕೊಳ್ಳುತ್ತಾರೆ. "ಆಯಮ್ಮ ನಂಬಿದ್ರಲ್ಲ ಸ್ವಾಮಿ. ನನ್ನ ಒಂದು ಟಿಕ್ ನಂಬ್ಕೊಂಡು, ಒಂದೂವರೆ ವರ್ಷ ಸತ್ತ ಗಂಡನ್ನ ದಿನಾ ಬೈಕೊಂಡು ಬದುಕಿದ್ರು."