ಎರಡು ಗಾಳಿಯ ಗೋಲ್‌ಕೀಪರ್

ನಿಕಾನೋರ್ ವಾಲ್ಪಾ ಅವಸರದವನು ಎಂದು ನಮ್ಮ ಚುಂಗಾರದಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಕೇಳಿದಾಗೆಲ್ಲ ನನ್ನ ಮೈ ಉರಿಯುತ್ತದೆ. ಬೂಟಿನ ದಾರ ಕಟ್ಟಲು ಅವನಷ್ಟು ಹೊತ್ತು ಹಿಡಿಯುವ ಇನ್ನೊಬ್ಬನನ್ನು ನಾನು ಕಂಡಿಲ್ಲ. ಹನ್ನೊಂದು ವರ್ಷ ಅವನ ಗೋಲಿನ ಮುಂದೆ ನಿಂತು ಆಡಿದ್ದೇನೆ, ಅದರಲ್ಲಿ ಒಂಬತ್ತು ವರ್ಷ ತಂಡದ ಕ್ಯಾಪ್ಟನ್ ನಾನೇ. ಅವನ ವಿಷಯ ನನಗೆ ಗೊತ್ತಿದ್ದಷ್ಟು ಸಂತೆಯಲ್ಲಿ ಹರಟುವವರಿಗೆ ಗೊತ್ತಿಲ್ಲ.

ನಮ್ಮದು ಎತ್ತರದ ಬೆಟ್ಟದ ಮೇಲಿನ ತವರದ ಗಣಿಯ ಊರು. ಇಲ್ಲಿ ಗಾಳಿ ತೆಳು. ಹೊರಗಿನವರು ನಾಲ್ಕು ಮೆಟ್ಟಿಲು ಹತ್ತಿದರೆ ಎದೆ ಹಿಡಿದು ಕೂತುಬಿಡುತ್ತಾರೆ. ಈ ಗಾಳಿಯಲ್ಲಿ ಚೆಂಡನ್ನು ಹಿಡಿದು ನಿಲ್ಲಿಸುವಂಥದ್ದು ಏನೂ ಇಲ್ಲ, ಒದ್ದರೆ ಕವಣೆಕಲ್ಲಿನ ಹಾಗೆ ನೆಟ್ಟಗೆ ಬರುತ್ತದೆ. ಚೆಂಡು ನೋಡಿ ಹಾರಿದ ಗೋಲ್‌ಕೀಪರ್ ಕೆಟ್ಟ. ಒದೆಯುವವನ ಕಾಲು ನೋಡಿಯೇ ಹಾರಬೇಕು.

ನಿಕಾನೋರನಿಗೆ ಇದನ್ನು ಯಾರೂ ಕಲಿಸಲಿಲ್ಲ. ಅವನ ತಾಯಿ ದೋನ್ಯಾ ಸತುರ್ನಿನಾ ಸಂತೆಯಲ್ಲಿ ಕೆನ್ನೀಲಿ ಮೆಕ್ಕೆಜೋಳ ಕುದಿಸಿದ ಬಿಸಿ ಪಾನೀಯ ಆಪಿ ಮಾರುತ್ತಿದ್ದಳು. ಅಂಗಡಿಯ ಪಕ್ಕದ ಬಯಲಿನಲ್ಲಿ ಗಣಿಯವರು ಚೆಂಡಾಡುತ್ತಿದ್ದರು. ಚೆಂಡು ಬಂದು ಆಪಿಯ ಹಂಡೆಗೆ ಬೀಳದಂತೆ ತಡೆಯುವುದು ಅವನ ಕೆಲಸ. ತಪ್ಪಿದರೆ ತಾಯಿಯ ಸೌಟು ಬೆನ್ನಿಗೆ ಬೀಳುತ್ತಿತ್ತು. ಇಪ್ಪತ್ತಕ್ಕೆಲ್ಲ ಅವನು ಗಣಿ ಕ್ಲಬ್ಬಿನ ಗೋಲಿನಲ್ಲಿ ನಿಂತಿದ್ದ. ಬೆಳಗಿನ ಪಾಳಿ ಅದಿರಿನ ಗಿರಣಿಯಲ್ಲಿ, ಮಧ್ಯಾಹ್ನ ಮೈದಾನದಲ್ಲಿ. ಪಂದ್ಯಕ್ಕೆ ಮೊದಲು ಎರಡೂ ಕಂಬದ ಬುಡಕ್ಕೆ ನಾಲ್ಕು ಹನಿ ಮದ್ಯ ಚಿಮುಕಿಸಿ, ಭೂತಾಯಿಗೆ ಕೊಟ್ಟಾದ ಮೇಲೆಯೇ ಗ್ಲೌಸು ಹಾಕುತ್ತಿದ್ದ.

ಅವನಿಗೆ ಇಪ್ಪತ್ತಾರು ಆದ ವರ್ಷ ನಾವು ಬೆಟ್ಟದ ತಂಡಗಳನ್ನೆಲ್ಲ ಸೋಲಿಸಿದೆವು. ಇನ್ನೊಂದು ಪಂದ್ಯ ಡ್ರಾ ಆದರೂ ಸಾಕು, ಮೊದಲ ದರ್ಜೆಗೆ ಏರುತ್ತಿದ್ದೆವು. ಆದರೆ ಅದು ಕೆಳಗೆ, ಸಾಂತಾ ಕ್ರೂಸಿನ ಬಯಲುಸೀಮೆಯಲ್ಲಿ. ನಮ್ಮಲ್ಲಿ ಯಾರೂ ಅಲ್ಲಿ ಆಡಿದವರಲ್ಲ.

"ಫೆರ್ಮಿನ್, ಒಂದಿನ ಮುಂಚೆ ಹೋಗೋಣ ಕಣೋ," ಅಂದ ನಿಕಾನೋರ್. "ಅಲ್ಲಿ ಚೆಂಡು ಹೆಂಗ್ ಬರುತ್ತೋ ನೋಡ್ಬೇಕು."

"ದುಂಡಗೇ ಬರುತ್ತೆ," ಅಂದೆ ನಾನು. "ಕೆಳಗಡೆ ಗಾಳಿ ಧಾರಾಳ ಕಣಯ್ಯ. ಬಾಯಿ ತೆಗೆದ್ರೆ ತಾನಾಗೇ ಒಳಗೆ ಬರುತ್ತಂತೆ. ಆ ಸೆಕೇಲಿ ಒಂದಿನ ಬೇಯೋದು ಯಾಕೆ?"

ಎಲ್ಲರೂ ನಕ್ಕರು. ಬೆಟ್ಟದವರೆಲ್ಲ ನಂಬಿಕೊಂಡಿದ್ದದ್ದೇ ಹಾಗೆ. ಬಯಲಿನವರು ನಮ್ಮೂರಿಗೆ ಬಂದರೆ ತಲೆ ಸಿಡಿದು ಒದ್ದಾಡುತ್ತಾರೆ, ನಾವು ಕೆಳಗೆ ಹೋದರೆ ನಮಗೆ ಹಬ್ಬ. ಪುಪ್ಪುಸಕ್ಕೆ ಹಿತವಾದ ಆ ದಪ್ಪ ಗಾಳಿ ಚೆಂಡನ್ನೂ ತಡೆದು ನಿಧಾನ ಮಾಡುತ್ತದೆ ಎಂದು ಒಬ್ಬನಿಗೂ ಹೊಳೆಯಲಿಲ್ಲ. ಪಂದ್ಯದ ದಿನ ಬೆಳಗ್ಗೆ ಬಸ್ಸಿಳಿದೆವು, ಮಧ್ಯಾಹ್ನ ಆಡಿದೆವು.

ಕೊನೆಯ ಹತ್ತು ನಿಮಿಷದವರೆಗೂ ಎರಡು ಕಡೆಯೂ ಗೋಲಿಲ್ಲ. ಆಮೇಲೆ ಅವರಿಗೊಂದು ಫ್ರೀಕಿಕ್ ಸಿಕ್ಕಿತು, ಬಲು ದೂರದಿಂದ. ಅವರ ಆಟಗಾರ ಒದ್ದ. ನಿಕಾನೋರ್ ಕಾಲು ನೋಡಿ ಬಲಕ್ಕೆ ಹಾರಿದ. ಸರಿಯಾದ ಕಡೆಗೇ ಹಾರಿದ. ಆದರೆ ಅವನು ಹಾರಿ, ಬಿದ್ದು, ಮೊಣಕೈ ತರಚಿಕೊಂಡು ಆದ ಮೇಲೆ ಚೆಂಡು ಬಂತು. ಮದುವೆಗೆ ಬರುವ ನೆಂಟನ ಹಾಗೆ ನಿಧಾನಕ್ಕೆ, ಅವನ ಮೈಮೇಲಿಂದ ದಾಟಿ ಬಲೆಗೆ ಬಿತ್ತು.

ಊರಿಗೆ ಬಂದ ಮೇಲೆ ಶುರುವಾಯಿತು. ದೋನ್ಯಾ ಸತುರ್ನಿನಾಳ ಅಂಗಡಿಗೆ ಬಂದವನೊಬ್ಬ, "ಬೇಗ ಒಂದು ಲೋಟ ಆಪಿ ಕೊಡಮ್ಮ, ನಿನ್ನ ಮಗ ಹಾರೋದ್ರೊಳಗೆ," ಅಂದ.

"ತಗೋ, ಕುದೀತಾ ಇದೆ," ಅಂದಳು ಮುದುಕಿ. "ನಾಲಿಗೆ ಸುಟ್ಟರೆ ನಾಲ್ಕು ದಿನ ಊರಿಗೆ ನೆಮ್ಮದಿ."

ಕೋಚ್ ದೋನ್ ಅಬ್ದೋನ್ ಬೇರೆ ಊರಿಂದ ಒಬ್ಬ ಗೋಲ್‌ಕೀಪರನನ್ನು ತಂದ. ನಿಕಾನೋರ್ ಯಾರ ಮೇಲೂ ದೂರು ಹೇಳಲಿಲ್ಲ. ಒಂದು ದಿನ ಮುಂಚೆ ಹೋಗೋಣ ಎಂದು ತಾನು ಕೇಳಿದ್ದನ್ನೂ ಬಾಯಿಬಿಡಲಿಲ್ಲ. ನಾನೂ ಬಿಡಲಿಲ್ಲ. ನನ್ನ ಹತ್ತಿರ ಬಂದು ಇಷ್ಟೇ ಅಂದ: "ಮತ್ತೆ ಆ ಕಂಬಗಳ ನಡುವೆ ನಿಲ್ಬೇಕು ಫೆರ್ಮಿನ್. ಅದೇ ಊರಲ್ಲಿ. ಅದಕ್ಕೆ ಏನು ಬೇಕೋ ಕಲಿತು ಬರ್ತೀನಿ."

ಕೆಳಗಿಳಿದು ಕಬ್ಬಿನ ಕೊಯ್ಲಿಗೆ ಸೇರಿದ. ಕೊಯ್ಲು ಮುಗಿಯುವವರೆಗೆ ಹಗಲು ಕಬ್ಬು ಕಡಿಯುವುದು, ಸಂಜೆ ಕೂಲಿಯವರ ಜೊತೆ ಚೆಂಡು. ತಿರುಗಿ ಬಂದಾಗ ಕರ್ರಗಾಗಿದ್ದ, ಕೈ ತುಂಬ ಕಬ್ಬಿನ ಗರಿಯ ಗೀರು. ಒಂದು ಸಲ ಪರೀಕ್ಷೆ ಮಾಡಿ ಎಂದು ದೋನ್ ಅಬ್ದೋನನ ಮುಂದೆ ನಿಂತ. ನನ್ನನ್ನೇ ಒದೆಯಲು ಕರೆದರು. ಐದು ಒದ್ದೆ, ಐದೂ ಒಳಗೆ ಹೋದವು. ಚೆಂಡು ಬಲೆ ಮುಟ್ಟಿದ ಮೇಲೆ ಅವನು ಹಾರುತ್ತಿದ್ದ. ಕೆಳಗಿನದನ್ನು ಕಲಿತು ಮೇಲಿನದನ್ನು ಮರೆತು ಬಂದಿದ್ದ!

ದೋನ್ ಅಬ್ದೋನ್ ಹೊಟ್ಟೆ ಹಿಡಿದು ನಕ್ಕ. "ಹೋದ ವರ್ಷ ಮೊದಲೇ ಹಾರಿದೆ, ಈ ವರ್ಷ ನಾಳೆ ಹಾರ್ತೀಯ. ಯಾವಾಗಪ್ಪಾ ಹೊತ್ತಿಗೆ ಸರಿಯಾಗಿ ಬರೋದು?"

ತಂಡವೆಲ್ಲ ನಕ್ಕಿತು. ನನಗೆ ಎಲ್ಲಿತ್ತೋ ಸಿಟ್ಟು, ನೀರಿನ ಬಕೆಟ್ಟನ್ನು ಒದ್ದೆ. ಅದು ದೋನ್ ಅಬ್ದೋನನ ಪ್ಯಾಂಟಿನ ಮೇಲೆ ಚೆಲ್ಲಿತು.

"ನಗ್ರಪ್ಪ, ನಗ್ರಿ! ಒಂದಿನ ಮುಂಚೆ ಹೋಗೋಣ ಅಂದೋನು ಇವನೊಬ್ಬನೇ. ಬೇಡ ಅಂದೋನು ನಾನು. ಆ ಗೋಲು ನಂದು, ಇವನದಲ್ಲ!"

ದೋನ್ ಅಬ್ದೋನ್ ಪ್ಯಾಂಟು ಹಿಂಡಿಕೊಂಡ. "ಹಾಗಾದ್ರೆ ನೀನೇ ರಿಪೇರಿ ಮಾಡು," ಅಂದ. "ಹದಿನೈದು ದಿನ ಟೈಮು."

ನಿಕಾನೋರ್ ಒಂದು ಉಪಾಯ ಹುಡುಕಿದ. ಎರಡು ಚೆಂಡು ಇಟ್ಟುಕೊಂಡ. ಒಂದಕ್ಕೆ ಬಿಗಿಯಾಗಿ ಗಾಳಿ ತುಂಬಿದ್ದು. ಇನ್ನೊಂದು ಹಳೆಯ ತೊಗಲು ಚೆಂಡು, ರಾತ್ರಿಯೆಲ್ಲ ನೀರಲ್ಲಿ ನೆನೆಸಿದ್ದು. ಅದು ಒದ್ದೆಭಾರಕ್ಕೆ ತಡವಾಗಿ ಬಂದು ದೊಪ್ಪನೆ ಇಳಿಯುತ್ತಿತ್ತು. ಯಾವುದು ಎಂದು ಹೇಳದೆ ನಾನು ಒದೆಯಬೇಕು. ಅವನು "ಮೇಲಿಂದು!" ಅಥವಾ "ಕೆಳಗಿಂದು!" ಎಂದು ಕೂಗಿ ಹಾರಬೇಕು. ನೆನೆದ ಚೆಂಡು ಒದ್ದು ಒದ್ದು ನನ್ನ ಹೆಬ್ಬೆರಳ ಉಗುರು ಕಿತ್ತುಬಂತು. ಅವನು ಒಂದು ದಿನವೂ ಸಾಕು ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಹದಿನಾರನೆಯ ದಿನ ದೋನ್ ಅಬ್ದೋನ್ ಬಂದು ಗ್ಲೌಸು ಅವನ ಕೈಗಿಟ್ಟ.

ಆ ವರ್ಷವೂ ಕೊನೆಯ ಪಂದ್ಯ ಅಲ್ಲೇ, ಅದೇ ತಂಡದ ಮೇಲೆ. ಈ ಸಲವೂ ಡ್ರಾ ಸಾಕಿತ್ತು. ಎರಡು ದಿನ ಮುಂಚೆ ಹೋಗಿ ಆ ಸೆಕೆಯಲ್ಲಿ ಬೆಂದೆವು. ಅವರಿಗೂ ಹಳೆಯದು ನೆನಪಿತ್ತು. ಫ್ರೀಕಿಕ್ ಸಿಕ್ಕಿದಾಗ ಅದೇ ದೂರ, ಅದೇ ಮನುಷ್ಯ. ಒದ್ದ. ನಮ್ಮವರೆಲ್ಲ "ಹಾರೋ! ಹಾರೋ!" ಎಂದು ಅರಚಿದರು, ನಾನೂ ಅರಚಿದೆ. ನಿಕಾನೋರ್ ಅಲ್ಲಾಡಲಿಲ್ಲ. ಬಸ್ಸಿಗೆ ಕಾಯುವವನ ಹಾಗೆ ನಿಂತಿದ್ದ. ಆಮೇಲೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ನೆಲ ಬಿಡದೆಯೇ ಚೆಂಡನ್ನು ಎದೆಗವುಚಿಕೊಂಡ.

ಸೊನ್ನೆ ಸೊನ್ನೆ. ನಾವು ಮೇಲೇರಿದೆವು.

ಆಮೇಲೆ ಅವನು ಐದು ವರ್ಷ ಮೊದಲ ದರ್ಜೆಯಲ್ಲಿ ಆಡಿದ. ದೊಡ್ಡ ಹೆಸರೇನೂ ಬರಲಿಲ್ಲ. ಮೊಣಕಾಲು ಕೆಟ್ಟ ಮೇಲೆ ಬಿಟ್ಟ. ಈಗ ತಾಯಿಯ ಹಂಡೆ ಅವನದು; ಪಂದ್ಯದ ದಿನ ಅದನ್ನು ಮೈದಾನಕ್ಕೆ ತಂದು ಗೋಲಿನ ಹಿಂದೆ ಇಟ್ಟು ಆಪಿ ಮಾರುತ್ತಾನೆ.

ಹೋದ ಭಾನುವಾರ ಬಯಲಿನ ತಂಡವೊಂದು ಬಂದಿತ್ತು. ಅವರ ಗೋಲ್‌ಕೀಪರ್, ಮೂವತ್ತರ ಗಟ್ಟಿ ಆಳು, ಮೊದಲ ಇಪ್ಪತ್ತು ನಿಮಿಷಕ್ಕೇ ಎರಡು ಗೋಲು ತಿಂದು ಕಂಬಕ್ಕೆ ಒರಗಿ ಏದುಸಿರು ಬಿಡುತ್ತಿದ್ದ. ಎರಡಕ್ಕೂ ತಡವಾಗಿ ಹಾರಿದ್ದ. ನಿಕಾನೋರ್ ಬಲೆಯ ಹಿಂದಿನಿಂದ ಬಗ್ಗಿ, "ತಮ್ಮಾ, ಚೆಂಡು ನೋಡ್ಬೇಡ, ಕಾಲು ನೋಡು. ಇಲ್ಲಿ ಕಾಲು ನೋಡ್ಬೇಕು," ಅಂದ.

ಆ ಗೋಲ್‌ಕೀಪರ್ ಆಮೇಲೆ ಒಂದನ್ನೂ ಬಿಡಲಿಲ್ಲ. ಅವರ ಕಡೆಯವರು ಎರಡು ಹೊಡೆದು ಡ್ರಾ ಮಾಡಿಕೊಂಡು ಹೋದರು.

"ನಿನಗೆ ತಲೆ ನೆಟ್ಟಗಿದೆಯೇನೋ?" ಎಂದು ನಿಕಾನೋರನ ಮೇಲೆ ಏರಿಹೋದೆ. "ನಮ್ಮ ಗೆಲುವನ್ನ ಅವರಿಗೆ ಹಂಚಿದೆಯಲ್ಲೋ!"

ನಿಕಾನೋರ್ ಹಂಡೆಯ ತಳ ಕೆರೆದು ಲೋಟ ತುಂಬಿಸಿದ.

"ಅವನಿಗೆ ಒಂದಿನ ಮುಂಚೆ ಬರೋಕೆ ಯಾರೋ ಬಿಟ್ಟಿಲ್ಲ ಅಂತ ಕಾಣುತ್ತೆ," ಅಂದ. "ಕುಡಿ, ಆರಿಹೋಗುತ್ತೆ."

ಕುಡಿದೆ.