ಹೆಸ್ಬಾ ಕಾಯುತ್ತಿದ್ದ ಕೆಂಪು ಬೂತ್

ನಮ್ಮ ಹಳ್ಳಿ ಥ್ರಸ್‌ಗಿಲ್ಲಿನ ಕೆಂಪು ಟೆಲಿಫೋನ್ ಬೂತನ್ನು ಉಳಿಸಿದವಳು ನಾನು ಎಂದು ಊರವರು ಈಗಲೂ ಹೇಳುತ್ತಾರೆ. ಸುಳ್ಳೇನಲ್ಲ, ಆಗ ಗ್ರಾಮ ಪರಿಷತ್ತಿನ ಕಾರ್ಯದರ್ಶಿ ನಾನೇ. ಆದರೆ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಹೆಸ್ಬಾ ಔತ್‌ವೇಟ್ ನೆನಪಾಗುತ್ತಾಳೆ.

ಹೆಸ್ಬಾ ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತಳಾದವಳು. ಮದುವೆಯಾಗಿರಲಿಲ್ಲ. ಅವಳ ಮನೆ ಬೂತಿಗೆ ಎದುರು. ಹಿಮ ಬೀಳುವಾಗಲೂ ರಸ್ತೆ ಕಡೆಯ ಕಿಟಕಿಯನ್ನು ಒಂದು ಗೇಣು ತೆರೆದೇ ಇಡುತ್ತಿದ್ದಳು. ಅದೊಂದು ಖಯಾಲಿ ಎಂದುಕೊಂಡು ನಾವು ಸುಮ್ಮನಿದ್ದೆವು.

ಬೂತು ಬಂದದ್ದು 1936ರಲ್ಲಿ. ಎರಕದ ಕಬ್ಬಿಣದ ಮೈ, ತೇಗದ ಬಾಗಿಲು. ಎಂಬತ್ತರ ದಶಕದಲ್ಲಿ ಸುತ್ತಲಿನ ಊರುಗಳ ಕೆಂಪು ಬೂತುಗಳನ್ನೆಲ್ಲ ಕಿತ್ತು ಗುಜರಿಗೆ ಹಾಕಿದಾಗಲೂ ನಮ್ಮದು ಹೇಗೋ ಉಳಿದಿತ್ತು. 2016ರ ಅಕ್ಟೋಬರಿನಲ್ಲಿ ಅದರ ಗಾಜಿನ ಮೇಲೆ ಟೆಲಿಫೋನ್ ಕಂಪನಿಯ ನೋಟೀಸು ಕಂಡಿತು. ಕಳೆದ ಇಡೀ ವರ್ಷದಲ್ಲಿ ಇಲ್ಲಿಂದ ಹೋದ ಕರೆಗಳು ಒಂಬತ್ತೇ, ಆದ್ದರಿಂದ ಫೋನ್ ತೆಗೆಯುತ್ತೇವೆ. ಬೇಕಿದ್ದರೆ ಖಾಲಿ ಬೂತನ್ನು ಊರೇ ಇಟ್ಟುಕೊಳ್ಳಬಹುದು.

ಸಭೆ ಕರೆದೆ. ಒಳಗೆ ಪುಸ್ತಕ ಜೋಡಿಸೋಣ, ಹೊಸ ಬಣ್ಣ ಬಳಿಯೋಣ ಎಂದು ಎಲ್ಲರಿಗೂ ಹುರುಪು. ಹೆಸ್ಬಾ ಎದ್ದು ನಿಂತಳು.

"ಖಾಲಿ ಡಬ್ಬಿ ಇಟ್ಕೊಂಡು ಏನ್ ಮಾಡ್ತೀರ? ಫೋನ್ ಉಳಿಸಿ."

"ಯಾರಿಗ್ ಮಾಡ್ಬೇಕಿತ್ತು ಹೆಸ್ಬಾ? ಹಳೇ ಲವ್ವರ್‌ಗಾ?" ಎಂದ ಪಬ್ಬಿನ ಡೆನ್ಜಿಲ್.

ಸಭೆ ನಕ್ಕಿತು. ನಾನೂ ನಕ್ಕೆ. ಅವಳು ಕೂತುಬಿಟ್ಟಳು.

ಮರುದಿನ ಬೆಳಿಗ್ಗೆ ನೋಡಿದರೆ ಅವಳು ಬೂತಿನೊಳಗೆ. ನಾಣ್ಯ ಹಾಕುವುದು, ಸಮಯ ಹೇಳುವ ನಂಬರಿಗೆ ಕರೆ ಮಾಡುವುದು, ಇಡುವುದು, ಮತ್ತೆ ಹಾಕುವುದು.

"ಹಿಂಗ್ ಮಾಡಿದ್ರೆ ಒಂಬತ್ತಿದ್ದಿದ್ದು ಜಾಸ್ತಿ ಆಗುತ್ತಲ್ವಾ ಜಾಯ್ಸ್?" ಎಂದು ನನ್ನನ್ನು ಕೇಳಿದಳು.

"ಅದು ಹೋದ ವರ್ಷದ್ದು ಹೆಸ್ಬಾ. ಮುಗ್ದೋಯ್ತು."

ಅವಳ ಕೈಯಿಂದ ರಿಸೀವರ್ ಜಾರಿ ಜೋತಾಡಿತು. ಆಮೇಲೆ, ಅಲ್ಲೇ ನಿಂತು, ತನ್ನ ತಮ್ಮ ನೆವಿಲ್‌ನ ವಿಷಯ ಹೇಳಿದಳು.

ನೆವಿಲ್‌ಗೆ ಚಿಕ್ಕಂದಿನಿಂದಲೂ ಮನಸ್ಸು ಸ್ಥಿಮಿತದಲ್ಲಿರಲಿಲ್ಲ. ಒಮ್ಮೆ ಸ್ಕಿಪ್ಟನ್ ಸಂತೆಯಲ್ಲಿ ಕಳೆದುಹೋಗಿ ಸಿಕ್ಕಿದ ಮೇಲೆ ತಾಯಿ ಅವನಿಗೆ ಈ ಬೂತಿನ ನಂಬರನ್ನು ಬಾಯಿಪಾಠ ಮಾಡಿಸಿದ್ದಳು. ಆಗ ಮನೆಯಲ್ಲಿ ಫೋನ್ ಇರಲಿಲ್ಲ. ತಾಯಿಯನ್ನು ಮಣ್ಣು ಮಾಡಿದ ವಾರವೇ ಅವನು ಊರು ಬಿಟ್ಟ. ಇಪ್ಪತ್ತೈದು ವರ್ಷವಾಯಿತು, ಊರು ಅವನನ್ನು ಮರೆತೇಬಿಟ್ಟಿದೆ. ವರ್ಷಕ್ಕೊಮ್ಮೆಯೋ ಎರಡು ಸಲವೋ ಬೂತು ರಿಂಗಾಗುತ್ತದೆ. ಅವಳು ಓಡಿಹೋಗಿ ಎತ್ತುತ್ತಾಳೆ.

"ಎಲ್ಲಿದ್ದೀನಿ ಅಂತ ಹೇಳಲ್ಲ. ಒಂದೊಂದ್ಸಲ ಬರೀ ಉಸಿರು ಕೇಳ್ಸುತ್ತೆ. ಮನೆ ನಂಬರ್ ಎಷ್ಟ್ ಸಲ ಹೇಳಿದ್ದೀನೋ, ಅವನ ತಲೇಲಿ ನಿಲ್ಲೋದು ಇದೊಂದೇ. ಇದನ್ನೂ ಕಿತ್ರೆ ನಾನೆಲ್ಲಿ ಹುಡುಕ್ಲಿ ಅವನ್ನ?"

ಕಂಪನಿಗೆ ಮೂರು ಪತ್ರ ಬರೆದೆ. ಆ ನಂಬರನ್ನು ಅವಳ ಮನೆಗಾದರೂ ಕೊಡಿ ಎಂದು ಕೇಳಿದೆ. ವಿಷಾದವಿದೆ, ಸಾಧ್ಯವಿಲ್ಲ ಎಂದು ಉತ್ತರ ಬಂತು. ಉಳಿದಿದ್ದ ದಾರಿ ಒಂದೇ: ಪರಿಷತ್ತಿನಿಂದ ತಕರಾರು ಹಾಕುವುದು. ತಕರಾರೆತ್ತಿದರೆ ಬೂತೂ ಕೈತಪ್ಪಬಹುದು ಎಂದು ಸದಸ್ಯರು ಹೆದರಿದರು. ಹೆಸ್ಬಾ ಹೇಳಿದ್ದನ್ನು ಅವರ ಮುಂದೆ ಇಡಬಹುದಿತ್ತು. ಯಾರಿಗೂ ಹೇಳಬೇಡ ಎಂದಿದ್ದಳು ಎನ್ನುವುದೇ ನನಗೊಂದು ನೆಪವಾಯಿತು. ಫೋನ್ ತೆಗೆಯುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆ.

ಜನವರಿಯಲ್ಲಿ ಬ್ರಾಡ್‌ಫರ್ಡಿನಿಂದ ತಾರಿಕ್ ಎಂಬ ಲೈನ್‌ಮನ್ ಬಂದ. ಹೆಸ್ಬಾ ಒಳಗೆ ಹೋಗಿ ಬಾಗಿಲನ್ನು ಎರಡೂ ಕೈಯಲ್ಲಿ ಎಳೆದು ಹಿಡಿದಳು.

"ಹೊರಗ್ ಬನ್ನಿ ಅಮ್ಮಾ, ಥಂಡಿ ಇದೆ."

"ನೀನ್ ಹೋಗಪ್ಪ. ಇದನ್ ಮುಟ್ಬೇಡ."

ಅವನು ಒಂದು ಗಂಟೆ ಕಾದ. ನಾನು ಚಹಾ ತಂದುಕೊಟ್ಟೆ, ಅವನು ಕುಡಿಯಲಿಲ್ಲ. ಕೊನೆಗೆ ಗಾಜಿನ ಹತ್ತಿರ ಬಾಗಿ ಮೆಲ್ಲಗೆ ಹೇಳಿದ: "ಲೈನು ಬೆಳಿಗ್ಗೇನೇ ಆಫೀಸಿಂದ ಕಟ್ ಆಗಿದೆ ಅಮ್ಮಾ. ಬೇಕಿದ್ರೆ ಎತ್ತಿ ನೋಡಿ."

ಅವಳು ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡಳು. ಬಹಳ ಹೊತ್ತು ಕೇಳಿಸಿಕೊಂಡಳು. ಆಮೇಲೆ ಬಾಗಿಲು ತೆರೆದು, ತಾನೇ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ವಸಂತದಲ್ಲಿ ಬೂತಿಗೆ ಬಣ್ಣ ಬಳಿದೆವು. ಸಂರಕ್ಷಿತ ಕಟ್ಟಡಗಳ ಪಟ್ಟಿಗೂ ಅದು ಸೇರಿತು. ಜಿಲ್ಲೆಯವರು ಫಲಕ ಕೊಟ್ಟಾಗ ಡೆನ್ಜಿಲ್ ಎಲ್ಲರಿಗೂ ಬಿಯರ್ ಕುಡಿಸಿದ. ಹೆಸ್ಬಾ ಮಾತ್ರ ವಾರಕ್ಕೆರಡು ದಿನ ಬಸ್ಸು ಹತ್ತಿ ಲೀಡ್ಸ್, ಹಲ್ ನಗರಗಳಿಗೆ ಹೋಗುತ್ತಿದ್ದಳು. ಮನೆಯಿಲ್ಲದವರ ತಂಗುದಾಣಗಳ ಗೋಡೆಗೆ ತಮ್ಮನ ಹಳೆಯ ಫೋಟೋ ಅಂಟಿಸಿ ಬರುತ್ತಿದ್ದಳು. ಫೋಟೋದಲ್ಲಿ ಅವನಿಗೆ ಮೂವತ್ತು ವರ್ಷ, ಯಾರೂ ಗುರುತಿಸಲಿಲ್ಲ.

ನವೆಂಬರಿನಲ್ಲಿ ಹಲ್ ಆಸ್ಪತ್ರೆಯ ನರ್ಸೊಬ್ಬಳು ಪರಿಷತ್ತಿನ ನಂಬರಿಗೆ ಫೋನ್ ಮಾಡಿದಳು. ನ್ಯುಮೋನಿಯಾ ಆದವನೊಬ್ಬ ಒಂದೇ ನಂಬರ್ ಹೇಳುತ್ತಾನೆ, ಅದಕ್ಕೆ ಕರೆ ಹೋಗುತ್ತಿಲ್ಲ, ಥ್ರಸ್‌ಗಿಲ್ ಅನ್ನುತ್ತಾನೆ ಎಂದಳು. ಹೆಸ್ಬಾಳನ್ನು ಕಾರಿನಲ್ಲಿ ಕರೆದೊಯ್ದೆ. ಹಾಸಿಗೆಯಲ್ಲಿ ಮೂಳೆ ಮತ್ತು ಬಿಳಿ ಗಡ್ಡ ಅಷ್ಟೇ ಇತ್ತು. ಆದರೂ ಅವನು ಅವಳನ್ನು ಗುರುತು ಹಿಡಿದ.

"ಯಾಕೆ ಎತ್ಲೇ ಇಲ್ಲ ಅಕ್ಕಾ? ಎಷ್ಟ್ ಸಲ ಮಾಡ್ದೆ. ನೀನೂ ಸತ್ತೋದೆ ಅಂದ್ಕೊಂಡೆ."

"ಇದ್ದೀನಲ್ಲೋ," ಎಂದಳು ಹೆಸ್ಬಾ. "ಇಲ್ಲೇ ಇದ್ದೀನಿ, ನೋಡು."

ಬೂತಿನ ಮಾತೇ ಎತ್ತಲಿಲ್ಲ. ಒಂಬತ್ತು ದಿನ ಕುರ್ಚಿ ಬಿಟ್ಟು ಏಳದೆ ಅವನ ಕೈ ಹಿಡಿದು ಕೂತಳು. ಹತ್ತನೆಯ ದಿನ ಮಧ್ಯಾಹ್ನ ಅವನು ಹೋದ.

ತಿರುಗಿ ಬರುವಾಗ ಕಾರಿನಲ್ಲಿ ನಾನು, "ತಪ್ಪಾಯ್ತು ಹೆಸ್ಬಾ. ಊರವರಿಗೆ ಗೊತ್ತಿದ್ದಿದ್ರೆ..." ಎಂದೆ.

"ಊರವರಿಗೆ ಗೊತ್ತಿರ್ಲಿಲ್ಲ," ಎಂದಳು. "ನಿಂಗ್ ಗೊತ್ತಿತ್ತಲ್ಲ ಜಾಯ್ಸ್."

ಮುಂದಿನ ಸೋಮವಾರ ಕಾರ್ಯದರ್ಶಿ ಕೆಲಸ ಬಿಟ್ಟೆ. ಹೆಸ್ಬಾ ಇನ್ನೂ ಅದೇ ಮನೆಯಲ್ಲಿದ್ದಾಳೆ. ದಾರಿಯಲ್ಲಿ ಸಿಕ್ಕರೆ ತಲೆಯಾಡಿಸುತ್ತಾಳೆ, ಮಾತಾಡುವುದಿಲ್ಲ.