ಬೇಡದ ಬೀದಿ

ಕಚೇರಿಯಲ್ಲಿ ಅವಳನ್ನು ಚೀಟಿ ಅಕ್ಕ ಎಂದು ಕರೆಯುತ್ತಿದ್ದರು. ಆರೋಗ್ಯ ಸಮೀಕ್ಷೆಯವರು ಯಾವ ಬೀದಿಗೆ ಹೋಗಬೇಕೆಂದು ಚೀಟಿ ಎತ್ತಿ ಆರಿಸಿಕೊಡುವುದು ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ. ಮುಖ ಕೊಟ್ಟು ಮಾತಾಡುವವಳಲ್ಲ. ಅವಳನ್ನು ಕಂಡರೆ ಆಗದವರೇ ಹೆಚ್ಚು.

ಹಿಂದೊಮ್ಮೆ ಊರಿನ ಅರವತ್ತು ಬೀದಿಗಳಲ್ಲಿ ಆರನ್ನು ಕಣ್ಣುಮುಚ್ಚಿ ಎತ್ತಿದಾಗ, ಸಿಮೆಂಟ್ ಕಾರ್ಖಾನೆಯ ಸುತ್ತಲಿನವೇ ನಾಲ್ಕು ಬಂದಿದ್ದವು. ಅರ್ಧ ಊರೇ ಕೆಮ್ಮುತ್ತಿದೆ ಎಂದು ವರದಿಯಾಗಿ, ಕಂಡಕಂಡವರೆಲ್ಲ ಆಡಿಕೊಂಡರು. ಆ ಅವಮಾನ ಅವಳನ್ನು ಕೊರೆಯಿತು. ಮೂರು ವಾರ ತಲೆ ಎತ್ತದೆ ಕೂತು ಹೊಸ ವಿಧಾನ ಕಟ್ಟಿದಳು: ಕಾರ್ಖಾನೆ ಪಕ್ಕದ ಐದು ಬೀದಿಗಳಲ್ಲಿ ಎರಡು ಒಟ್ಟಿಗೆ ಬರುವಂತಿಲ್ಲ, ಆದರೆ ಪ್ರತಿ ಬೀದಿಗೂ ಅವಕಾಶ ಮೊದಲಿನಷ್ಟೇ, ಹತ್ತರಲ್ಲಿ ಒಂದು.

ಈ ಸಲ ಕಾರ್ಖಾನೆ ಪಕ್ಕದ ಬೀದಿಯೊಂದು ಬಂತು. ಹೊಸ ಅಧಿಕಾರಿ ಪಟ್ಟಿಯನ್ನು ಅವಳ ಮೇಜಿನ ಮೇಲೆ ಎಸೆದ.

“ಇದನ್ನ ತೆಗೆದು ಬೇರೆ ಹಾಕಿ. ಬೇಡದ ಆಯ್ಕೆ ತಪ್ಪಿಸೋ ದಾರಿ ಹುಡುಕಿದೋರು ನೀವೇ ಅಲ್ವಾ?”

“ಬೇಡ ಅಂದಿದ್ದು ಒಂದೇ ಕಡೆಯವು ಗುಂಪಾಗಿ ಬರೋದನ್ನ ಸಾರ್. ಬೀದೀನೇ ಬೇಡ ಅಂದಿಲ್ಲ. ಅಲ್ಲೂ ಜನ ಇದ್ದಾರೆ.”

“ನನಗೆ ಪಾಠ ಹೇಳ್ಬೇಡಿ.”

“ಹಾಗಾದ್ರೆ ತೆಗೀರಿ ಅಂತ ಬರೆದುಕೊಡಿ.”

ಅವನು ಬರೆದುಕೊಡಲಿಲ್ಲ. ಪಕ್ಕದ ಮೇಜಿನವಳನ್ನು ಒಳಗೆ ಕರೆಸಿದ. ಎರಡು ಮಕ್ಕಳ ತಾಯಿ, ಚೀಟಿ ಅಕ್ಕನೇ ಕೈಹಿಡಿದು ಕೆಲಸ ಕಲಿಸಿದವಳು. ಸಂಜೆಯೊಳಗೆ ಪಟ್ಟಿ ಬದಲಾಯಿತು.

“ನನ್ನ ಕೆಲಸ ಹೋದ್ರೆ ನೀವು ನೋಡ್ಕೋತೀರಾ ಅಕ್ಕ?” ಎಂದಳು ಅವಳು, ಕಣ್ಣು ತಪ್ಪಿಸುತ್ತ.

“ಅಕ್ಕ ಗಿಕ್ಕ ಅನ್ಬೇಡ,” ಎಂದು ಚೀಟಿ ಅಕ್ಕ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ತನ್ನ ಹೆಸರನ್ನು ವರದಿಯಿಂದ ತೆಗೆಯಬೇಕೆಂದು ಅಂದೇ ಅರ್ಜಿ ಕೊಟ್ಟಳು.

ವರದಿ ಅಚ್ಚಾಗಿ ಬಂತು. ಅದರ ಪ್ರಕಾರ ಊರಲ್ಲಿ ಕೆಮ್ಮೆಂಬುದೇ ಇಲ್ಲ. ಮೊದಲ ಪುಟದಲ್ಲಿ ಬೀದಿ ಆರಿಸಿದವರೆಂದು ಚೀಟಿ ಅಕ್ಕನ ಹೆಸರೇ ಎದ್ದು ಕಾಣುತ್ತಿತ್ತು. ಅವಳು ಕಚೇರಿಯ ಗ್ರಂಥಾಲಯಕ್ಕೆ ಹೋಗಿ, ಅಲ್ಲಿದ್ದ ನಲವತ್ತು ಪ್ರತಿಗಳನ್ನೂ ಮುಂದೆ ಹರವಿಕೊಂಡು, ಒಂದೊಂದರಲ್ಲೂ ತನ್ನ ಹೆಸರಿನ ಮೇಲೆ ಕಪ್ಪು ಶಾಯಿ ಬಳಿದಳು.

ಕಚೇರಿಯ ಸ್ವತ್ತು ಹಾಳು ಮಾಡಿದ್ದೇಕೆಂದು ನೋಟಿಸ್ ಬಂತು. ‘ಅದರಲ್ಲಿದ್ದ ಸುಳ್ಳುಗಳಲ್ಲಿ ಒಂದನ್ನು ಮಾತ್ರ ಹೊಡೆದುಹಾಕಿದ್ದೇನೆ. ಉಳಿದವು ತಮಗೆ ಬಿಟ್ಟಿದ್ದು’ ಎಂದು ಬರೆದು ಸಹಿ ಹಾಕಿದಳು.

ಅವಳನ್ನು ನೆಲಮಾಳಿಗೆಯ ಹಳೆ ಕಡತಗಳ ಕೋಣೆಗೆ ತಳ್ಳಿದರು. ಮೆಟ್ಟಿಲಲ್ಲಿ ಅಧಿಕಾರಿ ಎದುರಾದರೆ ಅವಳು ಪಕ್ಕಕ್ಕೆ ಸರಿಯುವುದಿಲ್ಲ. ಅವನೇ ಗೊಣಗುತ್ತ ದಾರಿ ಬಿಡಬೇಕು. ಹಳೆಯ ಶಿಷ್ಯೆ ಒಂದೆರಡು ಸಲ ಪಟ್ಟಿ ಹಿಡಿದು ಅನುಮಾನ ಕೇಳಲು ಬಂದಳು. ಚೀಟಿ ಅಕ್ಕ ಕಡತದಿಂದ ಕತ್ತು ಎತ್ತಲಿಲ್ಲ.